ನರ್ಸಮ್ಮ ಆರಿಸಿದ ಸಣ್ಣ ಕಾಲೇಜು

ಫಿನಾಯಿಲಿನಲ್ಲಿ ಅದ್ದಿ ಅದ್ದಿ ಬಿಳಿಚಿಕೊಂಡ ನರ್ಸಮ್ಮನ ಎರಡು ಬೆರಳು ನಾಡಿ ಎಣಿಸುತ್ತಾ ರೋಗಿಯ ಮಣಿಕಟ್ಟಿನ ಮೇಲಿರುತ್ತಿದ್ದವು. ಇನ್ನೊಂದು ಕೈ ತಮ್ಮದೇ ತೊಡೆಯ ಮೇಲೆ ಎಂಟೆಣಿಕೆಯ ಆದಿತಾಳ ಹಾಕುತ್ತಿತ್ತು. ಅವರಿಗೆ ಕೈಗಡಿಯಾರ ಇರಲಿಲ್ಲವೆಂದಲ್ಲ, ಮಳೆಗಾಲ ಬಂತೆಂದರೆ ಅದು ನಿಂತುಬಿಡುತ್ತಿತ್ತು. "ಏಳೂವರೆ ಆವರ್ತ ಹಾಕಿದ್ರೆ ಒಂದು ನಿಮಿಷ, ಕೂಸೇ. ಬೇಕಿದ್ರೆ ಡಾಕ್ಟರ ಗಡಿಯಾರ ಹಿಡಿದು ನೋಡು" ಎನ್ನುತ್ತಿದ್ದರು. ಒಮ್ಮೆ ನೋಡಿಯೂ ನೋಡಿದೆ, ಸರಿಯಾಗೇ ಇತ್ತು.

ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿದ್ದ ನಮ್ಮೂರಿನ ಎರಡು ಕೋಣೆಯ ಆಸ್ಪತ್ರೆಗೆ ಅವರು ಬಂದದ್ದು ಅರವತ್ತರ ದಶಕದ ಶುರುವಿನಲ್ಲಿ. ಡಾಕ್ಟರು ವಾರಕ್ಕೆರಡು ಸಲ ಬರುತ್ತಿದ್ದರು, ಉಳಿದ ದಿನ ಎಲ್ಲಕ್ಕೂ ಇವರೇ. ಊರಿಗೆಲ್ಲ ನರ್ಸಮ್ಮ. ಹೆರಿಗೆ ನೋವಿನಲ್ಲಿ ಕಿರುಚುವ ಹೆಂಗಸರನ್ನು ಮೊದಲು ಗದರುತ್ತಿದ್ದರು, ಆಮೇಲೆ ಹಾಡುತ್ತಿದ್ದರು. ಗದರಿಕೆಗಲ್ಲ, ಹಾಡಿಗೇ ಹೆದರಿ ಹೆರುತ್ತಾರೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ನಿಜಕ್ಕೂ ಅವರ ಕಂಠ ತುಂಬ ಚೆನ್ನಾಗಿತ್ತು.

ನನಗೂ ಹಾಡಿನ ಹುಚ್ಚು. ಗಣಪತಿ ದೇವಸ್ಥಾನದಲ್ಲಿ ಶನಿವಾರದ ಭಜನೆ ನಡೆಸುತ್ತಿದ್ದವರು ನಮ್ಮ ಅಪ್ಪಯ್ಯ, ಹಾರ್ಮೋನಿಯಂ ನನ್ನದು. ಶಾಲೆ ಬಿಟ್ಟೊಡನೆ ಆಸ್ಪತ್ರೆಗೆ ಓಡಿ ಬ್ಯಾಂಡೇಜು ಸುತ್ತುತ್ತಾ ಕೂರುವುದು ಇನ್ನೊಂದು ಹುಚ್ಚು. ಎಸ್ಸೆಸ್ಸೆಲ್ಸಿ ಮುಗಿದ ವರ್ಷ, ನರ್ಸಿಂಗ್ ಓದಬೇಕು, ಹಾಡೂ ಬಿಡಬಾರದು ಎಂದಾಗ ನಗದೆ ಕೇಳಿದ್ದು ನರ್ಸಮ್ಮ ಒಬ್ಬರೇ.

ನನ್ನ ಮನಸ್ಸಿನಲ್ಲಿದ್ದದ್ದು ದೊಡ್ಡ ಊರಿನ ಹೆಸರಾಂತ ಕಾಲೇಜು. ಅವರು ತಲೆ ಅಲ್ಲಾಡಿಸಿದರು. "ಅಂಥದ್ರಲ್ಲೇ ನಾನು ಓದಿದ್ದು. ಮೂರು ವರ್ಷ ಬಾಯಿಬಿಟ್ಟು ಒಂದು ಹಾಡು ಹೇಳ್ಲಿಲ್ಲ. ನಿಂಗೆ ಸಣ್ಣದು ನೋಡ್ವ." ತಮ್ಮ ರಜೆಯಲ್ಲಿ ಬಸ್ಸು ಹತ್ತಿ ಘಾಟಿ ಇಳಿದು ಕರಾವಳಿಯ ಒಂದು ಪುಟ್ಟ ಕಾಲೇಜು ನೋಡಿ ಬಂದರು. ವರ್ಷಕ್ಕೆ ಹದಿನೆಂಟೇ ಹುಡುಗಿಯರು. ಸಂಜೆ ವಾರ್ಡಿನಲ್ಲಿ ರೋಗಿಗಳ ಎದುರು ಹಾಡಲು ಬಿಡುತ್ತಾರಂತೆ. "ಅಲ್ಲಿನ ಹಾರ್ಮೋನಿಯಂ ನಾನೇ ಬಾರಿಸಿ ನೋಡ್ದೆ. ಎರಡು ಸ್ವರ ಹೊರಡೂದಿಲ್ಲ, ಬಾಕಿ ಅಡ್ಡಿಲ್ಲ" ಎಂದರು. ಅರ್ಜಿಯನ್ನೂ ವಿಳಾಸ ಬರೆದ ಲಕೋಟೆಯನ್ನೂ ನನ್ನ ಕೈಗಿಟ್ಟು, "ಅಪ್ಪಯ್ಯನ ಹತ್ರ ನಾನು ಮಾತಾಡ್ತೀನಿ. ಅಲ್ಲೀವರೆಗೆ ಕಳಿಸ್ಬೇಡ" ಎಂದು ಎರಡೆರಡು ಸಲ ಹೇಳಿದರು.

ಆತುರಗಾರನಿಗೆ ಬುದ್ಧಿ ಮಟ್ಟ. ಪೋಷಕರ ಸಹಿಯ ಜಾಗದಲ್ಲಿ ಅಪ್ಪಯ್ಯನ ಸಹಿ ನಾನೇ ಹಾಕಿದೆ. ಉತ್ತರಕ್ಕೆ ಇನ್ನೊಂದು ಲಕೋಟೆ ಇಡಬೇಕಿತ್ತು. ಕೊಳ್ಳಲು ಹೋದರೆ ಪೋಸ್ಟ್ ಮಾಸ್ತರರು ಯಾರಿಗೆ, ಏಕೆ ಎಂದು ಜಾತಕ ಕೇಳುತ್ತಾರೆಂದು ಹೆದರಿ, ಮನೆಯಲ್ಲಿದ್ದ ಅಂಚೆ ಕಾರ್ಡೊಂದರ ಮೇಲೆ ನಮ್ಮ ವಿಳಾಸ ಬರೆದು ಒಳಗಿಟ್ಟು ಅಂಚೆ ಡಬ್ಬಿಗೆ ಹಾಕಿದೆ. ನಮ್ಮೂರಲ್ಲಿ ಕಾರ್ಡು ಬಂದರೆ ವಿಳಾಸದಾರ ಅದನ್ನು ಓದುವುದು ಎಲ್ಲರಿಗಿಂತ ಕೊನೆಗೆ. ಅಂಚೆಗೆಂದು ಹೋಗಿದ್ದ ಅಪ್ಪಯ್ಯನಿಗೆ ಜಗಲಿ ತುಂಬ ಕೂತಿದ್ದ ಜನರೆದುರು ಪೋಸ್ಟ್ ಮಾಸ್ತರರು ಹೇಳಿದರು: "ರಾಯರೇ, ಮಗಳಿಗೆ ನರ್ಸ್ ಸೀಟು ಸಿಕ್ಕಿತಂತಲ್ಲ! ನೀವು ಸಹಿ ಹಾಕಿ ಕಳಿಸಿದ ಒಪ್ಪಿಗೆಯೂ ಮುಟ್ಟಿತಂತೆ."

"ಕಂಡವರ ಮೈ ತೊಳೆದ ಕೈಯಲ್ಲಿ ದೇವರ ಮುಂದೆ ಹಾರ್ಮೋನಿಯಂ ಮುಟ್ತೀಯಾ? ಸಹಿ ಯಾರು ಹಾಕಿದ್ದು?" ಎಂದು ಅಪ್ಪಯ್ಯ ಗುಡುಗಿದಾಗ ನನ್ನ ನಾಲಿಗೆ ಹೇಳಿದ್ದಿಷ್ಟು: "ನಂಗೊತ್ತಿಲ್ಲ. ಎಲ್ಲ ನರ್ಸಮ್ಮಂದೇ."

ನನ್ನನ್ನು ಎಳೆದುಕೊಂಡೇ ಅವರ ಮನೆಗೆ ಹೋದರು. ನರ್ಸಮ್ಮ ಅಕ್ಕಿ ಆರಿಸುತ್ತಿದ್ದರು. ಮಾತೆಲ್ಲ ಕೇಳಿಸಿಕೊಂಡು, ಮೊರ ಕೆಳಗಿಟ್ಟು ಒಮ್ಮೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. "ಹೌದು ರಾಯರೇ, ನಾನೇ ಹಾಕಿದ್ದು. ಕೂಸಿಗೆ ಎಂತದೂ ಗೊತ್ತಿಲ್ಲ, ಹೊಡೀಬೇಡಿ" ಎಂದರು.

ಊರವರು ಸೇರಿ ಮೇಲಿನವರಿಗೆ ದೂರು ಬರೆದರು. ಎರಡು ತಿಂಗಳಲ್ಲಿ ಅವರಿಗೆ ಸಾಗರದ ಕಡೆಗೆ ವರ್ಗವಾಯಿತು. ಅವರ ಟ್ರಂಕು ಬಸ್ಸಿಗೇರುವಾಗ ನಾನು ದೇವಸ್ಥಾನದ ಮರೆಯಲ್ಲಿ ನಿಂತಿದ್ದೆ. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಮುಂದಿನ ಆಷಾಢದಲ್ಲಿ ನನ್ನ ಚಿಕ್ಕಮ್ಮನಿಗೆ ನೋವು ಬಂತು, ಮಗು ಅಡ್ಡ ಇತ್ತು. ಗಾಡಿಯಲ್ಲಿ ತೀರ್ಥಹಳ್ಳಿಗೆ ಸಾಗಿಸುವಾಗ ತಾಯಿ ಮಗು ಇಬ್ಬರೂ ದಾರಿಯಲ್ಲೇ ಹೋದರು. ನರ್ಸಮ್ಮ ಇದ್ದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಯಾರಿಗೆ ಗೊತ್ತು. ಆದರೆ ಅವರು ಇಲ್ಲದಂತೆ ಮಾಡಿದವಳು ನಾನು. ಇಷ್ಟು ವರ್ಷ ಹಿಂದೆ ಮುಂದೆ ತಿರುಗಿಸಿ ನೋಡಿದರೂ ಈ ಮಾತು ಬದಲಾಗಿಲ್ಲ.

ಚಿಕ್ಕಮ್ಮನ ಕಾರ್ಯವೆಲ್ಲ ಮುಗಿದ ಮೇಲೆ ಅಪ್ಪಯ್ಯ ತಾವಾಗಿಯೇ ಹೇಳಿದರು: "ಆ ಕಾಲೇಜಿಗೆ ಮತ್ತೆ ಬರಿ. ಈ ಸಲ ನಾನೇ ಸಹಿ ಹಾಕ್ತೀನಿ."

ಸೇರುವ ಮೊದಲು ಸಾಗರಕ್ಕೆ ಹೋಗಿ ನರ್ಸಮ್ಮನ ಕಾಲಿಗೆ ಬಿದ್ದೆ. ಬಾಯಿ ತೆರೆಯಲು ಬಿಡಲಿಲ್ಲ. "ಅಳೂದೆಲ್ಲ ಆಮೇಲೆ. ಮೊದ್ಲು ಪಾಸಾಗಿ ಬಾ. ಹಾಡು ಬಿಟ್ಟಿಯೋ, ಆಗ ಬೈತೀನಿ." ಪಾಸಾದೆ. ಮೂರು ವರ್ಷವೂ ವಾರ್ಡಿನಲ್ಲಿ ಹಾಡಿದೆ. ತಪ್ಪೊಪ್ಪಿಕೊಳ್ಳಲು ಹೋದಾಗ ಅವರ ಕ್ವಾರ್ಟರ್ಸಿನಲ್ಲಿ ಬೇರೆಯವರಿದ್ದರು. ಹಿಂದಿನ ತಿಂಗಳು ಜ್ವರ ಬಂದು ತೀರಿಕೊಂಡರಂತೆ.

ಮನೆಗೆ ಬಂದು ಸುದ್ದಿ ಹೇಳಿದಾಗ ಅಪ್ಪಯ್ಯ ಒರೆಸುತ್ತಿದ್ದ ಭಜನೆಯ ತಾಳ ಕೆಳಗಿಟ್ಟರು. ಆಮೇಲೆ, "ಕಳ್ಳ ಸಹಿ ಹಾಕಿದ್ದೊಂದು ಬಿಟ್ರೆ ದೇವರಂಥ ಹೆಂಗಸು. ಹೋಗ್ಲಿ, ಅದನ್ನೂ ಕ್ಷಮಿಸಿದ್ದೀನಿ" ಎಂದರು.

ಆಗಲಾದರೂ ಹೇಳಬಹುದಿತ್ತು. ನಾನು ಹೂಂ ಎಂದೆ.