ಕದಲಿಸಿದ ಕೈ

ಅರಸೀಕೆರೆಯಲ್ಲಿ 2004ರ ಸುಮಾರಿಗೆ ಇಂದುಧರನ ಗೇಮ್ ಸೆಂಟರ್ ಎಲ್ಲಿ ಎಂದು ಕೇಳಿದ್ದರೆ ಯಾರಾದರೂ ದಾರಿ ತೋರಿಸುತ್ತಿದ್ದರು. ಅದು ಇಂದುಧರನದು ಎನ್ನುವುದೇ ದೊಡ್ಡ ಸುಳ್ಳು. ಕೊಬ್ಬರಿ ತುಂಬುತ್ತಿದ್ದ ಹಳೇ ಗೋದಾಮು ಅವನದು, ನಿಜ. ಹತ್ತು ಕಂಪ್ಯೂಟರ್ ತಂದು ಇಳಿಸಿದವನೂ ಅವನೇ. ಆಮೇಲೆ ಮಹರಾಯ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಬೆಳಗಾದರೆ ಕೊಬ್ಬರಿ ಮಾರುಕಟ್ಟೆ, ಸಂಜೆಯಾದರೆ ವರ್ತಕರ ಜೊತೆ ಹರಟೆ. ಬಾಗಿಲು ತೆಗೆಯುವುದು, ಧೂಳು ಹೊಡೆಯುವುದು, ಹುಡುಗರ ಜಗಳ ಬಿಡಿಸುವುದು, ಕೆಟ್ಟಿದ್ದನ್ನು ಸರಿ ಮಾಡುವುದು ಎಲ್ಲವನ್ನೂ ಹೆಂಡತಿ ಪುಷ್ಪಲತಾಳ ತಲೆಗೆ ಕಟ್ಟಿದ್ದ.

ಪುಷ್ಪಲತಾಗೆ ಮೂಗಿನ ತುದಿಯಲ್ಲೇ ಕೋಪ. ಅವಳ ಅತ್ತೆ ಕಾಂತಮ್ಮ ಈ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಕೋಪಕ್ಕೆ ಯಾರು ಸೌದೆ ಒಟ್ಟುತ್ತಿದ್ದರು ಎನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ.

ಅವಳು ಬೇಲೂರು ತಾಲ್ಲೂಕಿನ ಬಿಕ್ಕೋಡಿನವಳು. ಅಪ್ಪ ಉಗ್ರಪ್ಪ ಕಾಫಿ ತೋಟದ ಆಳುಗಳನ್ನು ಸಾಗಿಸುವ ಜೀಪು ಓಡಿಸುತ್ತಿದ್ದ. ಮಳೆಗಾಲದಲ್ಲಿ ತೋಟದ ಏರು ಹತ್ತಲಾರದೆ ಜೀಪು ಏದುಸಿರು ಬಿಟ್ಟರೆ ಉಗ್ರಪ್ಪ ಕೆಳಗಿಳಿದು ಹಿಂದಿನ ಬಾಗಿಲು, ಸ್ಟೆಪ್ನಿ, ಮೇಲಿನ ಕ್ಯಾರಿಯರ್ ಎಲ್ಲ ಬಿಚ್ಚಿ ಪಕ್ಕಕ್ಕಿಡುತ್ತಿದ್ದ. ಬೋಳು ಜೀಪನ್ನು ನೋಡಿ ಜನ ಕಿಸಕ್ಕೆಂದರೆ, "ಇದು ಮೆರವಣಿಗೆಗಲ್ಲ ಕಣ್ರೀ, ಏರು ಹತ್ತೋಕೆ" ಎಂದು ಗದರಿ ಗೇರು ಹಾಕುತ್ತಿದ್ದ. ಮುಂದಿನ ಸೀಟಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಾ ಬೆಳೆದ ಮಗಳಿಗೆ ಅಪ್ಪನ ಕೋಪವೂ ಬಂತು, ಆ ಬುದ್ಧಿಯೂ ಬಂತು.

ಸೆಂಟರಿಗೆ ಬರುತ್ತಿದ್ದವರು ಹೆಚ್ಚಾಗಿ ಕಾಲೇಜಿನ ಹುಡುಗರು. ಅವರ ಪ್ರಾಣವೆಲ್ಲ ಒಂದೇ ಗುಂಡಿನ ಆಟದ ಮೇಲೆ: ಈ ಕಡೆ ಐದು ಜನ, ಆ ಕಡೆ ಐದು ಜನ, ಕೈಯಲ್ಲಿ ಬಂದೂಕು, ಸುತ್ತ ಪಾಳುಬಿದ್ದ ಕಟ್ಟಡಗಳು. ಯಾರು ಮೊದಲು ನೋಡಿ ಮೊದಲು ಹೊಡೆದರೋ ಅವರು ಗೆದ್ದರು. ಗಂಡಸಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಸಂತು ಎಂಬುವನು ಅವರಲ್ಲಿ ಚೂಟಿ. ಅವನೇ ಒಂದು ದಿನ ಮೌಸ್ ಕುಕ್ಕಿ ಎದ್ದವನು.

"ಅಕ್ಕಾ, ಮೂಲೆ ತಿರುಗ್ದೇಟ್ಗೆ ನಿಂತೋಯ್ತದೆ ಅಕ್ಕಾ. ನಂಗೆ ಅವನು ಕಾಣೋ ಹೊತ್ಗೆ ನಾನು ಸತ್ತಿರ್ತೀನಿ!"

ಪುಷ್ಪಲತಾ ಮಧ್ಯಾಹ್ನ ಹುಡುಗರಿಲ್ಲದ ಹೊತ್ತಿನಲ್ಲಿ ತಾನೇ ಕೂತು ಆಡಿ ನೋಡಿದಳು. ನಿಜ. ಗೋಡೆಯ ಮೂಲೆ ತಿರುಗಿದಾಗ ಚಿತ್ರ ಎಡವುತ್ತಿತ್ತು. ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಹಳೆಯದು, ಪಾಪ. ಅದರ ಮೇಲೆ ನೀರಿನ ಅಲೆ, ಗೋಡೆಯ ಪಾಚಿ, ಬಂದೂಕಿನ ಹೊಳಪು, ಪ್ರತಿ ಕಂಬದ ನೆರಳು, ಎಲ್ಲವನ್ನೂ ಬಿಡಿಸುವ ಹೊರೆ ಹೇರಿದ್ದರು. ಅವಳಿಗೆ ಜೀಪು ನೆನಪಾಯಿತು. ಆಟದ ಸೆಟ್ಟಿಂಗ್ಸ್ ಪುಟ ತೆರೆದು ಒಂದೊಂದನ್ನೇ ಬಿಚ್ಚತೊಡಗಿದಳು. ನೆರಳು ತೆಗೆದಳು. ನೀರನ್ನು ನೀಲಿ ಬಟ್ಟೆ ಹಾಸಿದ ಹಾಗೆ ಮಾಡಿದಳು. ಹೊಗೆ, ಕಿಡಿ, ಹೊಳಪು ಎಲ್ಲ ಕಿತ್ತಳು. ರೆಸಲ್ಯೂಷನ್ ಇಳಿಸಿದಳು, ಮಾನಿಟರಿನ ರಿಫ್ರೆಶ್ ರೇಟ್ ಏರಿಸಿದಳು. ಒಂದು ಬದಲಾಯಿಸಿದರೆ ಅದೇ ಓಣಿಯಲ್ಲಿ ಅದೇ ದಾರಿಯಾಗಿ ಓಡಿ, ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆ ಎಂದು ತೋರಿಸುವ ಮೂಲೆಯ ಅಂಕಿ ನೋಡುವುದು, ಮತ್ತೆ ಇನ್ನೊಂದು ಬದಲಾಯಿಸುವುದು. ತಪ್ಪಿತು, ಬೈದುಕೊಂಡಳು, ಮತ್ತೆ ಮಾಡಿದಳು. ಅಂಕಿ ಮೊದಲಿಗಿಂತ ಮೂರು ಪಟ್ಟಾದ ದಿನ ಸಂತು ಕೂತು ಒಂದು ಸುತ್ತು ಆಡಿ, ತಿರುಗಿ ಅವಳ ಮುಖ ನೋಡಿದ. ಆಟ ಬೆಣ್ಣೆಯ ಹಾಗೆ ಜಾರುತ್ತಿತ್ತು.

ಚಿತ್ರ ಚೆನ್ನಾಗಿರಲಿಲ್ಲ, ಒಪ್ಪಬೇಕು. ಸುಣ್ಣ ಬಳಿದ ಗೋಡೆ, ಮಣ್ಣಿನ ಮುದ್ದೆಯಂಥ ಮನುಷ್ಯರು. ಆದರೆ ಕತ್ತಲ ಮೂಲೆಯಲ್ಲಿ ಅವಿತವನೂ ಎದ್ದು ಕಾಣುತ್ತಿದ್ದ. ಹಾಸನದವರೆಗೂ ಸುದ್ದಿ ಹೋಯಿತು, ಹೋಗಿದ್ದು ಇಂದುಧರನ ಹೆಸರಿನಲ್ಲಿ. "ಇಂದುಧರಣ್ಣನ ಸೆಂಟರ್‌ನಲ್ಲಿ ಸಕತ್ತಾಗಿ ಓಡುತ್ತಂತೆ!" ಮಾರುಕಟ್ಟೆಯಲ್ಲಿ ಯಾರಾದರೂ ಹೊಗಳಿದರೆ ಅವನು ಮೀಸೆ ತಿರುವುತ್ತಾ, "ಏನೋ ನಮ್ಮ ಕೈಲಾದಷ್ಟು" ಎನ್ನುತ್ತಿದ್ದ. ಅವನ ಕೈಲಿ ಏನಾಗುತ್ತಿತ್ತು ಎಂದು ಕೇಳುವವರಿರಲಿಲ್ಲ. ಪುಷ್ಪಲತಾ ಹಲ್ಲು ಕಚ್ಚಿಕೊಂಡು ಇದ್ದಳು.

ಆ ವರ್ಷ ಹಾಸನದ ತಂಡ ಅರಸೀಕೆರೆಗೇ ಬಂದು ಆಡಲು ಒಪ್ಪಿತು. ವಿಜಯದಶಮಿಯ ದಿನ, ಮೂರು ಪಂದ್ಯ, ಎರಡು ಗೆದ್ದವರಿಗೆ ಕಪ್. ಕರಪತ್ರ ಅಚ್ಚಾಗುವ ಮುಂಚೆ ಪುಷ್ಪಲತಾ ಒಂದೇ ಒಂದು ಮಾತು ಕೇಳಿದಳು. "ರೀ, ಕೆಳಗೆ ಸೆಟ್ಟಿಂಗ್ಸ್ ಮತ್ತು ನಿರ್ವಹಣೆ ಪುಷ್ಪಲತಾ ಅಂತ ಹಾಕ್ಸಿ."

ಇಂದುಧರ ನಕ್ಕ. "ಗುಂಡು ಹೊಡಿಯೋ ಆಟಕ್ಕೆ ಹೆಂಗಸ್ರ ಹೆಸರೇನೇ? ಮಾರ್ಕೆಟ್ನಲ್ಲಿ ತಲೆ ಎತ್ಕಂಡು ಓಡಾಡ್ಬೇಕೋ ಬ್ಯಾಡ್ವೋ ನಾನು?"

ಕರಪತ್ರದಲ್ಲಿ ಇಂದುಧರನ ಹೆಸರು ದಪ್ಪ ಅಕ್ಷರದಲ್ಲಿ ಬಂತು. ತಾನು ದುಡಿದದ್ದನ್ನು ತನ್ನದು ಎಂದು ನಾಲ್ಕು ಜನರ ಮುಂದೆ ಒಬ್ಬನಾದರೂ ಹೇಳಲಿ ಎಂಬುದಷ್ಟೇ ಅವಳ ಆಸೆಯಾಗಿತ್ತು. ಅದನ್ನೂ ಕೊಡಲಿಲ್ಲ ಆ ಮನುಷ್ಯ. ಅವತ್ತು ಅವಳು ರೊಟ್ಟಿ ತಟ್ಟಿದ ಸದ್ದು ಬೀದಿಗೆ ಕೇಳಿಸುತ್ತಿತ್ತು.

ಆಯುಧಪೂಜೆ ಬಂತು. ತಕ್ಕಡಿ, ಸ್ಕೂಟರು, ಕೊಬ್ಬರಿ ಕತ್ತಿಯ ಜೊತೆಗೆ ಹತ್ತು ಕಂಪ್ಯೂಟರಿಗೂ ಪೂಜೆ. ಮಾರುಕಟ್ಟೆಯ ಹಿರಿಯ ವರ್ತಕ ಷಡಕ್ಷರಪ್ಪನವರನ್ನು ಇಂದುಧರ ಪೂಜೆಗೆ ಕರೆದಿದ್ದ. ಅವರು ಹಿಂದೊಮ್ಮೆ ಸೆಂಟರಿಗೆ ಬಂದಾಗ, "ಇದೇನಪ್ಪಾ, ನಿನ್ನ ಆಟ ಜ್ವರ ಬಂದೋರಂಗೆ ಬಿಳಿಚ್ಕಂಡೈತೆ" ಎಂದಿದ್ದರು. ಆ ಮಾತು ಇಂದುಧರನಿಗೆ ಚುಚ್ಚಿತ್ತು. ಅದಕ್ಕೇ ಪೂಜೆಯ ಬೆಳಗ್ಗೆ, ಹೆಂಡತಿ ಅಡುಗೆಮನೆಯಲ್ಲಿದ್ದ ಹೊತ್ತು ನೋಡಿ, ಕಂಪ್ಯೂಟರ್ ಮಾರಿದವನನ್ನು ಕರೆಸಿ ಹತ್ತರಲ್ಲೂ ಸೆಟ್ಟಿಂಗ್ಸ್ ಎಲ್ಲವನ್ನೂ ಏರುವಷ್ಟು ಏರಿಸಿಬಿಟ್ಟ. ಹಬ್ಬದ ದಿನ ಗಾಡಿಗೆ ಹೂವು ಕಟ್ಟುವುದಿಲ್ಲವೇ, ಹಾಗೆ ಆಟಕ್ಕೂ ಅಲಂಕಾರ.

ಪುಷ್ಪಲತಾ ಮಂಗಳಾರತಿ ತಟ್ಟೆ ಹಿಡಿದು ಒಳಗೆ ಬಂದರೆ ಹತ್ತು ಪರದೆಯಲ್ಲೂ ನೀರು ಥಳಥಳ ಅಲೆಯಾಡುತ್ತಿತ್ತು, ಕಂಬಗಳ ನೆರಳು ಉದ್ದಕ್ಕೆ ಬಿದ್ದಿತ್ತು. ಷಡಕ್ಷರಪ್ಪ "ಈಗ ಕಳೆ ಬಂತು ನೋಡು" ಎಂದು ತಲೆದೂಗುತ್ತಿದ್ದರು. ಅವಳ ಮೈಯೆಲ್ಲ ಉರಿಯಿತು.

"ಏನ್ರೀ ಮಾಡಿದ್ದೀರಿ? ನಾಳೆ ಮ್ಯಾಚು!"

"ಹಬ್ಬದ ದಿನ ಬಾಯಿ ತೆಗೀಬ್ಯಾಡ. ಸುಮ್ಕಿರು" ಎಂದು ಇಂದುಧರ ಹಲ್ಲಿನ ಸಂದಿಯಲ್ಲೇ ಹೇಳಿ, ಮಾನಿಟರುಗಳಿಗೆ ವಿಭೂತಿ ಹಚ್ಚಿ, ಸೇವಂತಿಗೆ ಹಾರ ಹಾಕಿ, ಆರತಿ ಎತ್ತಿ, ಎಲ್ಲವನ್ನೂ ಆರಿಸಿದ. ಇನ್ನು ಮಾರನೆಯ ದಿನ ಮರುಪೂಜೆ ಮಾಡಿ ಕದಲಿಸುವ ತನಕ ಯಾರೂ ಮುಟ್ಟುವಂತಿಲ್ಲ. ಪೂಜೆ ಮಾಡಿದ ಕೈಯೇ ಕದಲಿಸಬೇಕು. ಕಾಂತಮ್ಮನ ಮನೆಯಲ್ಲಿ ತಲೆತಲಾಂತರದಿಂದ ನಡೆದು ಬಂದ ಪದ್ಧತಿ ಅದು.

ವಿಜಯದಶಮಿಯ ಬೆಳಗ್ಗೆ ಆ ಕೈ ಊರಲ್ಲೇ ಇರಲಿಲ್ಲ. ಷಡಕ್ಷರಪ್ಪನವರ ಹೊಸ ಲಾರಿಗೆ ಪೂಜೆ ಮಾಡಿಸಲು ಜೊತೆಗೆ ಮಾಲೇಕಲ್ಲಿನ ದೇವಸ್ಥಾನಕ್ಕೆ ಹೋಗಿತ್ತು. "ಬೇಗ ಬತ್ತೀನಿ" ಎಂದಿದ್ದವನು ಬರಲೇ ಇಲ್ಲ. ಹಾಸನದ ಹುಡುಗರು ರೈಲಿಳಿದು ಬಂದರು. ಸಂತು ಮತ್ತವನ ತಂಡದವರು ಬಂದರು. ಹತ್ತು ಜನ ಹೂವಿನ ಹಾರ ಹಾಕಿಕೊಂಡ ಮಾನಿಟರುಗಳನ್ನು ನೋಡುತ್ತಾ ನಿಂತರು.

ಪುಷ್ಪಲತಾ ಕಾದಳು. ಫೋನು ಮಾಡಿದಳು, ಸಿಗಲಿಲ್ಲ. ಸೀರೆಯ ಸೆರಗು ಸಿಕ್ಕಿಸಿಕೊಂಡು ಮೊದಲ ಯಂತ್ರದ ಹಾರಕ್ಕೆ ಕೈ ಹಾಕಿದಳು.

"ಮುಟ್ಟಬ್ಯಾಡ ಕಣೇ!" ಬಾಗಿಲಲ್ಲಿ ಕಾಂತಮ್ಮ. "ನನ್ನ ಮಗ ಬರ್ಲಿ. ಕೂಡಿಸಿದ ಕೈಯೇ ಕದಲಿಸ್ಬೇಕು. ಮನೆಗೆ ಒಳ್ಳೇದಾಗಲ್ಲ."

"ಅತ್ತೆ, ಇದ್ನ ದಿನಾ ನಡೆಸೋ ಕೈ ಯಾವ್ದು? ಆಗ ಯಾರೂ ಕೇಳಲ್ಲ. ಕದಲಿಸೋಕೆ ಮಾತ್ರ ಅವರು ಬರ್ಬೇಕಾ?"

ಹಾರ ತೆಗೆದು ತಟ್ಟೆಗಿಟ್ಟಳು. ಗಾಳಿಯಾಡುವ ಕಿಂಡಿಗಳಿಗೆ ಸಿಕ್ಕಿದ್ದ ಎಸಳುಗಳನ್ನು ಹೆಕ್ಕಿದಳು. ಕಾಂತಮ್ಮ, "ಶಿವನೇ, ಎಂಥ ಗಯ್ಯಾಳಿ ತಂದ್ವಪ್ಪಾ" ಎಂದು ಹಣೆ ಚಚ್ಚಿಕೊಂಡು ಬಾಗಿಲಲ್ಲೇ ಕುಕ್ಕರಿಸಿದರು. ಪುಷ್ಪಲತಾ ತಿರುಗಿ ನೋಡಲಿಲ್ಲ. ಎರಡೂ ತಂಡಕ್ಕೆ ಒಂದೇ ಅಳತೆ ಇರಲಿ ಎಂದು ಹತ್ತನ್ನೂ ಒಂದೇ ಸಮ ಬೋಳು ಮಾಡಿ, "ಆಡ್ರೋ" ಎಂದಳು.

ಮೊದಲ ಪಂದ್ಯ ಅರಸೀಕೆರೆಗೆ, ಎರಡನೆಯದು ಹಾಸನಕ್ಕೆ. ಮೂರನೆಯದಕ್ಕೆ ಮುಂಚೆ ಹುಡುಗರು ಉಸಿರು ಬಿಡುತ್ತಿದ್ದಾಗ ಇಂದುಧರನ ಸವಾರಿ ಬಂತು, ಜೊತೆಗೆ ಪ್ರಸಾದದ ಪೊಟ್ಟಣ ಹಿಡಿದ ಷಡಕ್ಷರಪ್ಪ. ಹಾಸನದ ನಾಯಕ ಎದ್ದು ಅವನ ಕೈ ಕುಲುಕಿದ.

"ಸೂಪರ್ ಸಾರ್. ನಮ್ಮ ಹಾಸನದಲ್ಲೂ ಇಷ್ಟು ಸ್ಮೂತಾಗಿ ಓಡಲ್ಲ. ಸೆಟ್ಟಿಂಗ್ಸ್ ಯಾರು ಮಾಡಿದ್ದು ಸಾರ್?"

ಇಂದುಧರ ಒಂದು ಗಳಿಗೆಯೂ ತಡೆಯಲಿಲ್ಲ. "ನಾನೇ ಕಣಪ್ಪಾ. ಕೂತು ತಲೆ ಕೆಡಿಸ್ಕಂಡು ಮಾಡಿದ್ದು."

ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಹಿಂದೆಯೇ ನಿಂತಿದ್ದ ಪುಷ್ಪಲತಾ ಇದನ್ನು ಕೇಳಿದಳು. ಸಂತುವೂ ಕೇಳಿದ, ಬಾಯಿ ತೆರೆದ, ಅಕ್ಕನ ಕಣ್ಣು ನೋಡಿ ಮುಚ್ಚಿಕೊಂಡ. ಅವಳು ತಟ್ಟೆಗಳನ್ನು ಹೊರಗಿನ ಜಗಲಿಯ ಮೇಲೆ ಇಟ್ಟು, "ಎಲ್ಲಾರೂ ಹೊರಗೆ ಬಂದು ತಿನ್ನಿ" ಎಂದಳು. ಎಲ್ಲರೂ ಹೋದರು. ಅವಳು ಒಳಗೆ ಉಳಿದಳು.

ಅವರು ಕೈ ತೊಳೆದು ಬಂದು ಕೂತು ಮೂರನೆಯ ಪಂದ್ಯ ಶುರು ಮಾಡಿದ್ದೇ ತಡ, ಹತ್ತು ಬಾಯಿಯೂ ಒಟ್ಟಿಗೆ ಕೂಗಿಕೊಂಡವು. ಪರದೆಯ ಮೇಲೆ ನೀರು ಥಳಥಳಿಸುತ್ತಿತ್ತು, ನೆರಳುಗಳು ಸೊಗಸಾಗಿ ಬಿದ್ದಿದ್ದವು, ಮನುಷ್ಯರು ಮಾತ್ರ ಕುಂಟುತ್ತಿದ್ದರು. ಆಟ ನಿಲ್ಲಿಸಿದರು.

"ಸಾರ್, ಏನೋ ಆಯ್ತು. ಸರಿ ಮಾಡಿಕೊಡಿ ಸಾರ್" ಎಂದ ಹಾಸನದ ನಾಯಕ.

ಇಂದುಧರ ಹೆಂಡತಿಯ ಕಡೆ ನೋಡಿದ. ಅವಳು ಮೂಲೆಯ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ವಿಧಿಯಿಲ್ಲದೆ ಅವನು ಮಾನಿಟರಿನ ಕೆಳಗಿನ ಗುಂಡಿ ಒತ್ತಿದ. ಬೆಳಕು ಹೆಚ್ಚಾಯಿತು. ಇನ್ನೊಂದು ಒತ್ತಿದ. ಚಿತ್ರ ಓರೆಯಾಯಿತು. ಮತ್ತೊಂದು ಒತ್ತಿದಾಗ ಪರದೆ ಎರಡೂ ಕಡೆ ಒಳಕ್ಕೆ ಬಾಗಿತು. ಹಿಂದೆ ಯಾರೋ ಕಿಸಕ್ಕೆಂದರು. ಅವನ ಕಿವಿ ಕೆಂಪಾಯಿತು.

"ಏನಪ್ಪಾ ಇಂದುಧರ," ಷಡಕ್ಷರಪ್ಪ ಪ್ರಸಾದ ಮೆಲ್ಲುತ್ತಾ ಕೇಳಿದರು, "ನೀನೇ ಮಾಡಿದ್ದು ಅಂದ್ಯಲ್ಲ?"

"ಪುಷ್ಪಾ, ಸ್ವಲ್ಪ ಬಾರೇ" ಎಂದ ಅವನು, ತಗ್ಗಿದ ದನಿಯಲ್ಲಿ.

"ಕೇಳಿಸ್ಲಿಲ್ಲ."

"ಸ್ವಲ್ಪ ನೋಡು ಬಾ ಅಂದೆ."

"ನಾನ್ಯಾಕೆ ನೋಡ್ಲಿ? ಮಾಡಿದೋರು ನೀವು. ಕೂತು ತಲೆ ಕೆಡಿಸ್ಕಂಡು ಮಾಡಿದೋರು. ಇನ್ನೊಂದು ಸಲ ಕೆಡಿಸ್ಕಳಿ."

ಇಂದುಧರ ಹಣೆ ಒರೆಸಿಕೊಂಡ. ಹುಡುಗರನ್ನು ನೋಡಿದ, ಷಡಕ್ಷರಪ್ಪನವರನ್ನು ನೋಡಿದ, ಕೊನೆಗೆ ನೆಲ ನೋಡಿದ.

"ನಾನಲ್ಲ ಮಾಡಿದ್ದು" ಎಂದ. "ಎಲ್ಲಾ ಇವಳೇ ಮಾಡಿದ್ದು. ಮೊದ್ಲಿಂದ್ಲೂ ಇವಳೇ. ನಂಗೆ ಏನೂ ಬರಲ್ಲ."

ಪುಷ್ಪಲತಾ ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, ಎದ್ದು ಬಂದಳು. ಗಂಡನನ್ನು ಮೊಣಕೈಯಲ್ಲೇ ಪಕ್ಕಕ್ಕೆ ಸರಿಸಿ ಕೂತಳು. ನೆರಳು ಹೋಯಿತು, ಅಲೆ ಹೋಯಿತು, ಹೊಳಪು ಹೋಯಿತು. ಹಾಸನದ ನಾಯಕ ಬೆನ್ನ ಹಿಂದೆ ನಿಂತು ಕಣ್ಣು ಪಿಳಿಕಿಸದೆ ನೋಡುತ್ತಾ, "ಮೇಡಂ, ಒಂದ್ಸಲ ಹಾಸನಕ್ಕೆ ಬಂದು ನಮ್ದೂ ಮಾಡಿಕೊಡ್ತೀರಾ?" ಎಂದ. ಅವಳು ಮುಂದಿನ ಯಂತ್ರಕ್ಕೆ ಸರಿದಳು.

ಮೂರನೆಯ ಪಂದ್ಯವನ್ನು ಅರಸೀಕೆರೆಯವರು ಕೂದಲೆಳೆಯ ಅಂತರದಲ್ಲಿ ಸೋತರು. ಕಪ್ ಹಾಸನಕ್ಕೆ ಹೋಯಿತು. "ಆ ಕಂಬದ ಪಕ್ಕ ನಿಂತಿದ್ದವನು ಕಾಣ್ಲಿಲ್ವೇನೋ ಕುರುಡಾ? ನೆರಳನ್ನೂ ತೆಗೆದು ಕೊಟ್ಟಿದ್ನಲ್ಲೋ!" ಎಂದು ಸಂತುವಿಗೆ ಅವಳು ಬೈದ ಬೈಗುಳ ಮಾರುಕಟ್ಟೆಯ ತುದಿಯವರೆಗೂ ಕೇಳಿಸಿತು.

ಕಾಂತಮ್ಮ ಸೊಸೆಯ ಜೊತೆ ದೀಪಾವಳಿಯವರೆಗೂ ಮಾತು ಬಿಟ್ಟರು. ಇಂದುಧರ ಮಾತ್ರ ಮಾರುಕಟ್ಟೆಯಲ್ಲಿ ಯಾರಾದರೂ ಸೆಂಟರಿನ ಮಾತೆತ್ತಿದರೆ ಕೊಬ್ಬರಿಯ ಮಾತು ತೆಗೆಯುತ್ತಿದ್ದ.

ಮಾರನೆಯ ವರ್ಷ ಆಯುಧಪೂಜೆಯ ದಿನ ಹತ್ತು ಪರದೆಯಲ್ಲೂ ಬಿಳಿಚಿಕೊಂಡ ಗೋಡೆಗಳೇ ಇದ್ದವು. ಇಂದುಧರ ಮಡಿಯುಟ್ಟು ಆರತಿಗೆ ಕೈ ಚಾಚಿದ. ಕಾಂತಮ್ಮ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ಆ ತಟ್ಟೆಯನ್ನು ಸೊಸೆಯ ಕೈಗೆ ತುರುಕಿದರು.

"ನಾಳೆ ಹೆಂಗೂ ನೀನೇ ಕದಲಿಸ್ತೀಯ. ನೀನೇ ಮಾಡು ಪೂಜೆನೂವೆ" ಎಂದರು.