ಬಲೂನು ಕಟ್ಟಿದ ಟ್ಯಾಂಕು

ನಾನು ಮನೆಯಲ್ಲೇ ಕಟ್ಟುತ್ತಿದ್ದ ಪುಟ್ಟ ವಿಮಾನಕ್ಕೆ ಪೆಟ್ರೋಲ್ ಟ್ಯಾಂಕ್ ಮಾಡಿಕೊಟ್ಟವರು ಪೀಣ್ಯದ ಒಬ್ಬ ವೆಲ್ಡರ್. ಶೆಡ್ಡಿನಲ್ಲಿ ಅವರೊಬ್ಬರೇ. ಸಂಜೆ ಟ್ಯಾಂಕಿಗೆ ಗಾಳಿ ತುಂಬಿ, ಅದರ ಬಾಯಿಗೆ ಬಲೂನು ಕಟ್ಟಿಡುತ್ತಿದ್ದರು. ಬೆಳಿಗ್ಗೆ ಬಲೂನು ಕುಗ್ಗಿದ್ದರೆ ಬೆಸುಗೆ ಎಲ್ಲೋ ಸೋರುತ್ತಿದೆ ಎಂದರ್ಥ. "ಗಾಳಿ ಸುಳ್ಳು ಹೇಳಲ್ಲ ಸಾರ್," ಎನ್ನುತ್ತ ಬೆಸುಗೆಯ ಮೇಲೆ ಅಂಗೈ ಸವರುವರು.

ಮೂರು ಶನಿವಾರ ಹೋದೆ. ಮೂರು ಸಲವೂ ಬಲೂನು ಜೋತುಬಿದ್ದಿತ್ತು. ಅವರು ಟೀ ತರಿಸಿ, ಮಧ್ಯಾಹ್ನದವರೆಗೂ ಮಾತಾಡುತ್ತಿದ್ದರು.

ನಾಲ್ಕನೆಯ ಶನಿವಾರ ಸ್ವಲ್ಪ ಬೇಗ ಹೋದೆ. ಬಲೂನು ಬಿಗಿಯಾಗಿಯೇ ಇತ್ತು. ಬಾಗಿಲಿಗೆ ಬೆನ್ನು ಹಾಕಿ ಕೂತು ಅವರು ಅದರ ದಾರ ಸಡಿಲಿಸುತ್ತಿದ್ದರು.

ಸದ್ದಿಲ್ಲದೆ ರಸ್ತೆಗೆ ಹಿಂತಿರುಗಿ, ಜೋರಾಗಿ ಕೆಮ್ಮಿ ಒಳಗೆ ಬಂದೆ.

"ಇನ್ನೂ ಸೋರ್ತಾ ಇದೆ ಸಾರ್. ಮುಂದಿನ್ ಶನಿವಾರ ಬರ್ತೀರಾ?"

"ಬರ್ತೀನಣ್ಣ," ಎಂದೆ. "ಈಗ ಟೀ ಹೇಳಿ."