ಹೊಸಬರ ಸಾಲಿನಲ್ಲಿ ವಾಟಿ

ನಮ್ಮೂರಿನ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದ ಸೆಂಗಾ ಡ್ಯೂರಿ ನಲವತ್ತು ದಾಟುವವರೆಗೆ ಗಾಲ್ಫ್ ಕೋಲು ಮುಟ್ಟಿದವಳಲ್ಲ. ಅವಳ ಗಂಡ ವಾಟಿ ಕಡಲ ದಂಡೆಯ ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದ. ಬೇಸಿಗೆಯ ಸಂಜೆಗಳಲ್ಲಿ ಅವನೇ ಅವಳಿಗೆ ಆಟ ಕಲಿಸಿದ. ಕಲಿತದ್ದೇ ತಡ, ಅವಳು ಶನಿವಾರ ಬೆಳಿಗ್ಗೆ ಊರಿನ ಮಕ್ಕಳನ್ನೆಲ್ಲ ಸೇರಿಸಿಕೊಂಡು ಕಲಿಸಲು ನಿಂತಳು. ದೊಡ್ಡವರು ಬಿಸಾಡಿದ ಕೋಲುಗಳನ್ನು ವಾಟಿ ಗರಗಸದಲ್ಲಿ ಕುಯ್ದು ಮೋಟು ಮಾಡಿಕೊಡುತ್ತಿದ್ದ.

ಮೊದಲ ದಿನ ಅವಳು ಯಾರಿಗೂ ಕೋಲು ಬೀಸಲು ಬಿಡುತ್ತಿರಲಿಲ್ಲ. ಚೆಂಡು ಬೀಳಬೇಕಾದ ಕುಳಿಯಿಂದ ಒಂದು ಗೇಣು ದೂರಕ್ಕೆ ಚೆಂಡಿಟ್ಟು, "ಸುಮ್ನೆ ತಳ್ಳಿ. ಒಳಗೆ ಬೀಳೋ ಸದ್ದು ಕೇಳಿಸ್ಕೊಳ್ಳಿ. ಅದರ ರುಚಿ ಹತ್ತಿದ್ರೆ ಮಿಕ್ಕಿದ್ದೆಲ್ಲ ಬರುತ್ತೆ" ಎನ್ನುತ್ತಿದ್ದಳು. ಬಿದ್ದರೆ ಒಂದು ಹೆಜ್ಜೆ ಹಿಂದಕ್ಕೆ, ಮತ್ತೆ ಬಿದ್ದರೆ ಇನ್ನೊಂದು. ನನ್ನ ಮಗಳು ಮಿರನ್ ಏಳನೇ ವಯಸ್ಸಿನಲ್ಲಿ ಕಲಿತದ್ದು ಹಾಗೆಯೇ.

ಒಂದು ಫೆಬ್ರವರಿಯಲ್ಲಿ ವಾಟಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಗೈ ಬಲಗಾಲುಗಳ ಸ್ವಾಧೀನ ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದವನು ಮೈದಾನ ಕಾಣುವ ಕಿಟಕಿಗೆ ಬೆನ್ನು ಹಾಕಿ ಕುಳಿತ. ಸೆಂಗಾ ಶನಿವಾರದ ತರಗತಿಯನ್ನು ನಿಲ್ಲಿಸಿದಳು.

ಏಪ್ರಿಲ್‌ನಲ್ಲಿ ಮಿರನ್ ಊಟದ ತಟ್ಟೆ ಹಿಡಿದು ಅವಳೆದುರು ನಿಂತು ಕೇಳಿದಳಂತೆ: "ಮಿಸೆಸ್ ಡ್ಯೂರಿ, ಶನಿವಾರ ಮತ್ತೆ ಯಾವಾಗ?"

"ವಾಟಿನ ಒಬ್ಬನ್ನೇ ಹೆಂಗ್ ಬಿಟ್ಟು ಬರ್ಲಿ ಪುಟ್ಟಿ?"

"ಅವರನ್ನೂ ಕರ್ಕೊಂಡು ಬನ್ನಿ. ಅವರಿಗೂ ಕಲಿಸಿದ್ರಾಯ್ತು!"

ಸೆಂಗಾ ನಕ್ಕಳು. ಆದರೆ ಆ ಶನಿವಾರವೇ ಗಂಡನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಳು.

"ಮೂವತ್ತು ವರ್ಷ ಈ ಹುಲ್ಲು ಕತ್ತರಿಸಿದೀನಿ ಕಣೇ," ಅವನು ಗೊಣಗಿದ. "ಈಗ ಚಿಳ್ಳೆಪಿಳ್ಳೆಗಳ ಜೊತೆ ಕೂರಿಸ್ತೀಯಾ?"

"ಎಡಗೈಲಿ ಯಾವತ್ತಾದ್ರೂ ಆಡಿದೀಯಾ? ಇಲ್ವಲ್ಲ. ಹಾಗಾದ್ರೆ ನೀನೂ ಹೊಸಬನೇ. ಸಾಲಿಗೆ ಬಾ."

ಒಂದು ಗೇಣು ದೂರ. ವಾಟಿ ಮೋಟು ಕೋಲಿನಿಂದ ತಳ್ಳಿದ. ಚೆಂಡು ಕುಳಿಯ ಪಕ್ಕದಲ್ಲೇ ಹಾದುಹೋಯಿತು. ಅವನ ಮುಖ ಕೆಂಪೇರಿತು. ಮಗಳನ್ನು ಕರೆತಂದಿದ್ದ ನಾನಂತೂ ಬೇರೆ ಕಡೆ ನೋಡಿದೆ.

ಮಿರನ್ ಚೆಂಡನ್ನು ತಂದು ಅದೇ ಜಾಗದಲ್ಲಿಟ್ಟಳು. "ಮೊದಲ್ನೇ ದಿನ ನಂದೂ ತಪ್ಪಿತ್ತು. ಇಲ್ಲಿ ಎಷ್ಟು ಹೊಡೆದ್ರಿ ಅಂತ ಯಾರೂ ಎಣಿಸಲ್ಲ."

"ಎಣಿಸದೇ ಇರೋ ಗಾಲ್ಫಾ? ಇದನ್ನ ಮುದುಕರ ಕ್ಲಬ್ಬಲ್ಲಿ ಹೇಳ್ಬೇಡ, ಎದೆ ಒಡ್ಕೊಂಡು ಸಾಯ್ತಾರೆ," ಎಂದ ವಾಟಿ. ಎಲ್ಲರೂ ಗೊಳ್ಳೆಂದು ನಕ್ಕರು. ನಾಲ್ಕನೇ ಸಲ ಚೆಂಡು ಟಣ್ಣೆಂದು ಒಳಗೆ ಬಿತ್ತು. ಕುರ್ಚಿಯನ್ನು ಒಂದು ಹೆಜ್ಜೆ ಹಿಂದಕ್ಕೆ ಎಳೆಯುವಂತೆ ಹೆಂಡತಿಗೆ ಸನ್ನೆ ಮಾಡಿದ. ಅವಳು ಎಳೆದಳು. ಕಣ್ಣೊರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಮುಂದೆ ಅವನು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಜೂನ್ ಹೊತ್ತಿಗೆ ಊರುಗೋಲು ಹಿಡಿದು ನಿಲ್ಲತೊಡಗಿದ. ಚೆಂಡು ಯಾವ ಕಡೆ ಹೊರಳುತ್ತದೆಂದು ಮಕ್ಕಳು ಈಗ ಅವನನ್ನೇ ಕೇಳುತ್ತಿದ್ದರು. "ಇಲ್ಲಿ ನೀರಿನ ಪೈಪು ಹೂತಿದ್ದು ನಾನೇ. ನೆಲ ಒಂಚೂರು ಕುಸಿದಿದೆ, ಎಡಕ್ಕೆ ಎಳೆಯುತ್ತೆ ನೋಡು," ಎನ್ನುತ್ತಿದ್ದ. ಹೊರಗೆ ಯಾರ ಕಣ್ಣಿಗೂ ಬೀಳದ ಏರಿಳಿತಗಳೆಲ್ಲ ಅವನ ತಲೆಯಲ್ಲಿದ್ದವು.

ಆಗಸ್ಟ್‌ನಲ್ಲಿ ಹೊಸಬರ ಪಂದ್ಯ ನಡೆಯಿತು. ವಾಟಿಗೆ ಕೊನೆಯ ಸ್ಥಾನ. ಮಿರನ್ ಅವನಿಗಿಂತ ಹನ್ನೊಂದು ಹೊಡೆತ ಕಡಿಮೆಯಲ್ಲೇ ಆಟ ಮುಗಿಸಿ ಅವನನ್ನು ಸೋಲಿಸಿದ್ದಳು.

"ಬೇಜಾರಾಯ್ತಾ?" ಎಂದು ಕೇಳಿದಳು.

"ಆಯ್ತು," ಎಂದ ವಾಟಿ ಖುಷಿಯಿಂದ. "ಮುಂದಿನ ವರ್ಷ ನಿನ್ನ ಬಿಡಲ್ಲ."

ಸೆಂಗಾ ಮಾಂಸದ ಕಡುಬು ಬಿಸಿ ಮಾಡಿ ತಂದಳು. ಗೋಡೆಗೊರಗಿ ನಿಂತು, ಮೂವರೂ ಬಾಯಿ ಸುಟ್ಟುಕೊಳ್ಳುತ್ತಲೇ ತಿಂದರು.